ಕಿವಿಯ ಹಿಂದಿನ ಜಾಗ

ನನ್ನ ಗಂಡನ ತಲೆ ಯಾರಿಗೆ ಸೇರಿದ್ದು ಎಂಬ ವಿಷಯದಲ್ಲಿ ನನಗೂ ಅವರ ಅಕ್ಕನಿಗೂ ಮದುವೆಯಾದ ಮೊದಲ ಭಾನುವಾರವೇ ಜಗಳ ಶುರುವಾಯಿತು. ಜಗಳ ಎಂದರೆ ಬಾಯಿ ಜಗಳವಲ್ಲ. ನಾನು ಹರಳೆಣ್ಣೆ ಬಿಸಿ ಮಾಡಿ ಬಟ್ಟಲು ಹಿಡಿದುಕೊಂಡು ಹಿತ್ತಲಿಗೆ ಬರುವಷ್ಟರಲ್ಲಿ ನಮ್ಮವರು ಆಗಲೇ ಅಕ್ಕನ ಮುಂದೆ ಮಣೆ ಹಾಕಿಕೊಂಡು ಕೂತಿದ್ದರು. ಅತ್ತಿಗೆ ನನ್ನ ಕೈಯಿಂದ ಬಟ್ಟಲು ತೆಗೆದುಕೊಂಡು, "ನೀನೋಗಿ ನೀರು ಕಾಯ್ಸವ್ವ, ಇವನ ತಲೆ ನಂಗೆ ಗೊತ್ತು" ಎಂದರು. ನಾನು ಹೋಗಿ ಒಲೆ ಊದಿದೆ. ಹೊಸ ಸೊಸೆಯ ಕಣ್ಣು ಹೊಗೆಗೆ ಕೆಂಪಾಗಿದೆ ಎಂದು ವಠಾರದ ಹೆಂಗಸರು ಮರುಕಪಟ್ಟರು. ಹೊಗೆಗಲ್ಲ.

ಆಗ ನಾವು ಪೀಣ್ಯದಲ್ಲಿದ್ದೆವು. ಎಪ್ಪತ್ತರ ದಶಕ ಮುಗಿದು ಎಂಬತ್ತು ಹಿಡಿಯುತ್ತಿದ್ದ ಕಾಲ. ರಾಗಿ ಹೊಲವಿದ್ದ ಕಡೆಯೆಲ್ಲ ಶೆಡ್ಡುಗಳೆದ್ದು, ಹೊಲದ ಯಜಮಾನರು ಉಳಿದ ಚೂರುಪಾರು ಜಾಗದಲ್ಲಿ ಸಾಲುಮನೆ ಕಟ್ಟಿ ಬಾಡಿಗೆಗೆ ಬಿಟ್ಟಿದ್ದರು. ಅಂಥದೊಂದು ಸಾಲಿನಲ್ಲಿ, ಶೀಟಿನ ಮಾಡಿನ ಕೆಳಗೆ, ಒಂದು ಕೋಣೆ ಒಂದು ಅಡುಗೆಮನೆಯಲ್ಲಿ ನಾವು ಮೂವರು. ನಮ್ಮವರು ಪ್ರೆಸ್ ಶಾಪಿನಲ್ಲಿ ಆಪರೇಟರ್. ತಗಡಿನ ಹಾಳೆಯನ್ನು ಪ್ರೆಸ್ಸಿನ ಬಾಯಿಗೆ ಕೊಟ್ಟು ಫ್ಯಾನಿನ ಬಟ್ಟಲು ಹೊಡೆಯುವ ಕೆಲಸ. ನಾನು ಆನೇಕಲ್ ಕಡೆಯವಳು, ಹತ್ತನೇ ತರಗತಿ ಓದಿದವಳು. ಎರಡು ರಸ್ತೆ ಆಚೆ ಟ್ರಾನ್ಸ್‌ಫಾರ್ಮರ್ ಕಾಯಿಲ್ ಸುತ್ತುವ ಯೂನಿಟ್ಟಿಗೆ ಕೆಲಸಕ್ಕೆ ಹೋಗುತ್ತಿದ್ದೆ. ಅತ್ತಿಗೆ ಮನೆಯಲ್ಲೇ ಮಣೆ ಮುಂದೆ ಕೂತು ಅಗರಬತ್ತಿ ಹೊಸೆಯುತ್ತಿದ್ದರು.

ಅವರ ಕಥೆಯನ್ನು ಎಲ್ಲರೂ ನನಗೆ ಹೇಳಿದರು, ನಾನು ಕೇಳದಿದ್ದರೂ. ತಾಯಿ ಹೋದಾಗ ತಮ್ಮ ಇನ್ನೂ ಅಂಬೆಗಾಲಿನಲ್ಲಿದ್ದನಂತೆ. ಅಕ್ಕನೇ ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದ್ದಂತೆ. ಮದುವೆಯಾದ ಕೆಲವೇ ವರ್ಷಕ್ಕೆ ಗಂಡ ಸತ್ತು, ಮಕ್ಕಳಿಲ್ಲದೆ, ತಮ್ಮನ ಮನೆಗೇ ಬಂದರಂತೆ. ಎಲ್ಲ ನಿಜ. ಅಂಥವರ ಮೇಲೆ ಹೊಟ್ಟೆಕಿಚ್ಚು ಪಡುವುದು ಎಷ್ಟು ಕಷ್ಟ ಎಂಬುದು ಪಟ್ಟವರಿಗೇ ಗೊತ್ತು. ಕೆಟ್ಟವರಾಗಿದ್ದರೆ ಸಲೀಸಾಗಿರುತ್ತಿತ್ತು. ಅತ್ತಿಗೆ ಕೆಟ್ಟವರಲ್ಲ. ಸಾರಿಗೆ ಉಪ್ಪು ಜಾಸ್ತಿಯಾದರೆ ತಮ್ಮ ಬರುವ ಮುಂಚೆ ನೀರು ಬೆರೆಸಿ ಸರಿ ಮಾಡಿಡುತ್ತಿದ್ದರು. ಅದಕ್ಕೂ ನನಗೆ ಉರಿಯುತ್ತಿತ್ತು.

ಸದ್ದಿನ ವಿಷಯ ಬಂದದ್ದು ಮದುವೆಯಾಗಿ ಎರಡು ವರ್ಷದ ಮೇಲೆ. "ಬಲಗಿವಿಯೊಳಗೆ ಏನೋ ಜುಸ್ ಜುಸ್ ಅಂತಿದೆ" ಎಂದು ನಮ್ಮವರು ಊಟಕ್ಕೆ ಕೂತಾಗ ಹೇಳಿದರು. ನಾನು ಗಾಬರಿಯಾದೆ. ಅವರ ಜೊತೆಗೇ ಊಟಕ್ಕೆ ಬಂದಿದ್ದ ಪಕ್ಕದ ಪ್ರೆಸ್ಸಿನ ಗೆಳೆಯ ತುತ್ತು ಬಾಯಲ್ಲಿಟ್ಟುಕೊಂಡೇ ನಕ್ಕ.

"ಯಾರಿಗಿಲ್ಲ ಗುರು? ನಂಗೂ ಗುಂಯ್ ಅನ್ನುತ್ತೆ. ವಾರಪೂರ್ತಿ ಪ್ರೆಸ್ ಮುಂದೆ ನಿಂತ್ರೆ ಕಿವಿಯಲ್ಲಿ ಇನ್ನೇನು ವೀಣೆ ಕೇಳುತ್ತಾ?"

ನಮ್ಮ ಕಡೆ ಅದು ರೋಗವೇ ಅಲ್ಲ. ಪ್ರೆಸ್ ಶಾಪಿನ ಗಂಡಸರು ಕಾರ್ಖಾನೆಯನ್ನು ಕಿವಿಯಲ್ಲಿ ಹೊತ್ತುಕೊಂಡೇ ಮನೆಗೆ ಬರುತ್ತಿದ್ದರು. ಹೆಂಡತಿಯರು ಎರಡೆರಡು ಸಲ ಕೂಗಿ ಮಾತಾಡುತ್ತಿದ್ದರು. ನಮ್ಮ ಸಾಲಿನಲ್ಲಿ ಗುಟ್ಟಿನ ಮಾತು ಎಂಬುದೇ ಇರಲಿಲ್ಲ. ಸರ್ಕಲ್ ಹತ್ತಿರದ ಕ್ಲಿನಿಕ್ಕಿಗೂ ಹೋಗಿ ಬಂದೆವು. ಡಾಕ್ಟರು ಎಲ್ಲಿ ಕೆಲಸ ಎಂದು ಕೇಳಿ, ಪ್ರೆಸ್ ಶಾಪ್ ಎಂದ ಕೂಡಲೇ ತಲೆಯಾಡಿಸಿ, ಕಿವಿಯ ಗುಗ್ಗೆ ತೆಗೆದು, ಬಿಡಲು ಡ್ರಾಪ್ಸ್ ಕೊಟ್ಟು, ಹತ್ತಿ ಇಟ್ಟುಕೊಂಡು ಕೆಲಸ ಮಾಡಿ ಎಂದರು. ಅಲ್ಲಿಗೆ ಆ ಮಾತು ಮುಗಿಯಿತು ಎಂದುಕೊಂಡೆವು.

ಒಂದು ಭಾನುವಾರ ಎಂದಿನಂತೆ ಎಣ್ಣೆ ಹಚ್ಚುತ್ತಿದ್ದಾಗ ಅತ್ತಿಗೆಯ ಹೆಬ್ಬೆರಳು ಬಲಗಿವಿಯ ಹಿಂದೆ, ಎಲುಬಿನ ಗುಬುಟಿನ ಪಕ್ಕ ಎಲ್ಲೋ ಒತ್ತಿತು. ನಮ್ಮವರು ಕೂತಲ್ಲೇ ಚೀರಿದರು.

"ಅಕ್ಕಾ, ಅಲ್ಲೇ! ಕೈ ತೆಗೀಬೇಡ! ನಿಂತ್ತು ಕಣಕ್ಕಾ!"

"ಏನ್ಲಾ ನಿಂತಿದ್ದು?"

"ಸದ್ದು!"

ಅತ್ತಿಗೆ ಬೆರಳು ಸಡಿಲಿಸಿದರೆ ಸದ್ದು ಶುರು, ಒತ್ತಿದರೆ ಬಂದ್. ಮಗುವಿಗೆ ಹೊಸ ಆಟಿಕೆ ಸಿಕ್ಕಂತೆ ಅಕ್ಕ ತಮ್ಮ ಅದನ್ನೇ ಮಾಡಿ ಮಾಡಿ ನಕ್ಕರು. ಅಲ್ಲೊಂದು ನರ ಪಟಪಟ ಹೊಡೆದುಕೊಳ್ಳುತ್ತದೆ ಎಂದು ಅತ್ತಿಗೆ ಹೇಳಿದರು. ಯಂತ್ರದ ಸದ್ದು ಆ ನರದಲ್ಲಿ ಸಿಕ್ಕಿಹಾಕಿಕೊಂಡಿದೆ, ಒತ್ತಿ ಒತ್ತಿ ಅದನ್ನು ಬಿಡಿಸಬೇಕು ಎಂಬುದು ಅವರ ತೀರ್ಮಾನ. ಇಡೀ ವಠಾರಕ್ಕೆ ಅದು ಸರಿ ಎನಿಸಿತು. ನನಗೂ ಎನಿಸಿತು, ಇಲ್ಲವೆನ್ನಲಾರೆ. ನನಗೆ ತಕರಾರಿದ್ದದ್ದು ಒತ್ತುವ ಬೆರಳಿನ ಬಗ್ಗೆ.

ಭಾನುವಾರಕ್ಕೊಮ್ಮೆ ಇದ್ದದ್ದು ಅಂದಿನಿಂದ ದಿನಚರಿಯಾಯಿತು. ನಮ್ಮವರು ಶಿಫ್ಟ್ ಮುಗಿಸಿ ಬಂದು, ಕೈಕಾಲು ತೊಳೆದು, ಸೀದಾ ಅಕ್ಕನ ತೊಡೆಯ ಮೇಲೆ ತಲೆ ಇಡುವರು. ಅತ್ತಿಗೆ ಅಗರಬತ್ತಿಯ ಮಸಾಲೆ ಅಂಟಿದ ಕಪ್ಪು ಕೈಯನ್ನು ಸೀರೆಗೆ ಒರೆಸಿಕೊಂಡು ಹೆಬ್ಬೆರಳು ಇಡುವರು. ಕ್ಷಣದಲ್ಲಿ ನಮ್ಮವರ ಮುಖದ ಗಂಟೆಲ್ಲ ಸಡಿಲವಾಗಿ ಗೊರಕೆ ಬರುವುದು. ನಾನು ಕೊಟ್ಟ ಕಾಫಿ ಪಕ್ಕದಲ್ಲಿ ತಣ್ಣಗಾಗುವುದು. ನಾನೂ ಕೆಲಸ ಮಾಡಿ ಸೋತು ಬಂದವಳು. ನನಗೆ ಬೇಕಾಗಿದ್ದದ್ದು ಒಂದೇ, ಆ ಮುಖ ಒಂದು ಸಲ ನನ್ನ ಕೈಯಡಿಯಲ್ಲಿ ಹಾಗೆ ಸಡಿಲವಾಗಬೇಕು.

ಅತ್ತಿಗೆ ನೀರಿಗೆ ಹೋದಾಗ ನಾನೂ ಒತ್ತಿ ನೋಡಿದೆ. ಕೂದಲೆಳೆಯಷ್ಟು ತಂತಿ ಸುತ್ತುವ ಕೈ ನನ್ನದು. ಒಂದು ಸುತ್ತಿನ ಮೇಲೆ ಇನ್ನೊಂದು ಹತ್ತಿ ಕೂತರೆ ಕಣ್ಣು ಮುಚ್ಚಿಕೊಂಡೇ ಬೆರಳಲ್ಲಿ ಹೇಳುತ್ತಿದ್ದೆ. ಮೇಲ್ವಿಚಾರಕರು ನನ್ನ ಬೆರಳನ್ನು ಬೇರೆ ಹುಡುಗಿಯರಿಗೆ ತೋರಿಸಿ ಪಾಠ ಹೇಳುತ್ತಿದ್ದರು. ಆ ಬೆರಳಿಗೆ ಗಂಡನ ಕಿವಿಯ ಹಿಂದಿನ ಜಾಗ ಸಿಗಲಿಲ್ಲ.

"ಇಲ್ಲಾ?"

"ಅಲ್ಲಲ್ಲ."

"ಇಲ್ಲಿ?"

"ಅಲ್ಲ ಕಣೇ. ಬಿಡು, ಅಕ್ಕ ಬರ್ಲಿ."

ಆ "ಬಿಡು" ಎನ್ನುವ ಮಾತಿಗೆ ನಾನು ಎರಡು ದಿನ ಅವರ ಡಬ್ಬಿಗೆ ಉಪ್ಪಿನಕಾಯಿ ಹಾಕಲಿಲ್ಲ. ಅವರು ಗಮನಿಸಲೂ ಇಲ್ಲ. ಅತ್ತಿಗೆ ಹಾಕಿದ್ದರಂತೆ.

ಹೀಗೇ ವರ್ಷಗಳು ಕಳೆದವು. ಸದ್ದು ಕಮ್ಮಿಯಾಗಲಿಲ್ಲ, ತಲೆನೋವು ಸೇರಿಕೊಂಡಿತು. ಒಂದು ದಿನ ಆ ಪಕ್ಕದ ಪ್ರೆಸ್ಸಿನ ಗೆಳೆಯನ ಹೆಂಡತಿ ನಲ್ಲಿ ಹತ್ತಿರ ನನ್ನನ್ನು ನಿಲ್ಲಿಸಿ, "ನಿಮ್ಮೋರ ಕೈ ಉಳೀತಂತಲ್ಲಕ್ಕ, ದೇವರು ದೊಡ್ಡೋನು" ಎಂದಳು. ನನಗೆ ತಲೆಬುಡ ತಿಳಿಯಲಿಲ್ಲ. ಹಿಂದಿನ ವಾರ ಪ್ರೆಸ್ಸಿನ ಮುಂದೆ ಬಗ್ಗಿದ್ದಾಗ ನಮ್ಮವರಿಗೆ ಕಣ್ಣು ಮಂಜಾಗಿ, ತಗಡಿನ ಜೊತೆ ಕೈಯೂ ಒಳಗೆ ಹೋಗುವುದರಲ್ಲಿತ್ತಂತೆ. ಗೆಳೆಯ ಎಳೆದದ್ದಕ್ಕೆ ಉಳಿಯಿತಂತೆ. ಬಗ್ಗಿದಾಗ, ಎದ್ದಾಗ ಹಾಗೆ ಕಣ್ಣು ಮಬ್ಬಾಗುವುದು ಎಷ್ಟೋ ದಿನದಿಂದ ಇತ್ತಂತೆ.

ನಾನು ಕೊಡ ಅಲ್ಲೇ ಬಿಟ್ಟು ಮನೆಗೆ ಓಡಿ, ನಿಮಗೆ ಗೊತ್ತಿತ್ತಾ ಎಂದು ಕೇಳಿದೆ. ಅತ್ತಿಗೆ ತಲೆ ಎತ್ತದೆ ಹೇಳಿದರು:

"ನಂಗೇಳಿದ್ದ. ನೀನು ಎದರ್ತೀಯ ಅಂತ ಏಳ್ಬ್ಯಾಡ ಅಂದ. ಊರ ಅಮ್ಮನಿಗೆ ಅರಕೆ ಕಟ್ಟೀನಿ, ಸರಿಯೋಯ್ತದೆ."

ಗಂಡನ ಕೈ ಹೋಗುವುದರಲ್ಲಿತ್ತು ಎಂಬ ಭಯ ಒಂದು ಕಡೆ. ಅದನ್ನು ನನಗೆ ಹೇಳದೆ ಅವರಿಗೆ ಹೇಳಿದ್ದಾರೆ ಎಂಬ ಉರಿ ಇನ್ನೊಂದು ಕಡೆ. ಯಾವುದು ಹೆಚ್ಚು ಎಂದು ಇವತ್ತು ಕೇಳಿದರೂ ಉರಿಯೇ ಎನ್ನುತ್ತೇನೆ.

ಅದಾದ ಮೇಲಿನ ವಾರ ನಮ್ಮವರಿಗೆ ರಾತ್ರಿ ಪಾಳಿ. ಮಧ್ಯಾಹ್ನ ಮನೆಯಲ್ಲಿ ಮಲಗಿದ್ದರು. ಅತ್ತಿಗೆ ಹೊಸೆದ ಕಟ್ಟುಗಳನ್ನು ಒಪ್ಪಿಸಲು ಹೋಗಿದ್ದರು. ಕರೆಂಟು ಕಡಿತ ಎಂದು ನಮ್ಮ ಯೂನಿಟ್ಟಿನಲ್ಲಿ ಮಧ್ಯಾಹ್ನವೇ ಬಿಟ್ಟಿದ್ದರು. ಸುತ್ತಲಿನ ಶೆಡ್ಡುಗಳೂ ಮೌನವಾಗಿದ್ದವು. ಪೀಣ್ಯದಲ್ಲಿ ಕಾಗೆ ಕೂಗಿದ್ದು ಕೇಳಿಸುವುದು ಅಂಥ ಮಧ್ಯಾಹ್ನಗಳಲ್ಲಿ ಮಾತ್ರ. ನಮ್ಮವರು ಎಡ ಮಗ್ಗುಲಾಗಿ ಮಲಗಿದ್ದರು, ಬಲಗಿವಿ ಮೇಲಿತ್ತು. ಅತ್ತಿಗೆಯ ಬೆರಳಿಗೆ ಮಾತ್ರ ಗೊತ್ತಿರುವ ಆ ಜಾಗದಲ್ಲಿ ಅಂಥದ್ದೇನಿದೆ ನೋಡಿಯೇ ಬಿಡುತ್ತೇನೆ ಎಂದು ಬೆರಳು ಇಟ್ಟೆ. ಸಿಗಲಿಲ್ಲ. ಸಿಟ್ಟು ಬಂದು, ಬಗ್ಗಿ, ನನ್ನ ಕಿವಿಯನ್ನೇ ಅಲ್ಲಿಗೆ ಒತ್ತಿಬಿಟ್ಟೆ.

ಕೇಳಿಸಿತು.

ಜುಸ್... ಜುಸ್... ಜುಸ್... ನಲ್ಲಿಯ ಪೈಪಿನಲ್ಲಿ ನೀರು ನುಗ್ಗಿ ನುಗ್ಗಿ ಬರುವ ಸದ್ದು. ಅವರ ಮಣಿಕಟ್ಟು ಹಿಡಿದು ನೋಡಿದೆ. ನಾಡಿ ಹೊಡೆದಾಗಲೆಲ್ಲ ಜುಸ್. ಕಿವಿಯಲ್ಲಿ ಗುಂಯ್ ಎನ್ನುವುದು ಅವರವರಿಗೆ ಮಾತ್ರ ಕೇಳುವ ಸದ್ದು. ನನಗೆ ಕೇಳುತ್ತಿದೆ ಎಂದರೆ ಅದು ಪ್ರೆಸ್ಸಿನದಲ್ಲ. ನಿಜವಾಗಿ ತಲೆಯೊಳಗೆ ಏನೋ ಹರಿಯುತ್ತಿದೆ.

ಅತ್ತಿಗೆ ಬಂದ ಕೂಡಲೇ ಹೇಳಿದೆ. "ಅದೇನೊಸದು? ನಂಗೆ ಬೆರಳಿಗೇ ಗೊತ್ತಿತ್ತು, ಬಡ್ಕೊಳ್ತದೆ ಅಂತ" ಎಂದರು. ಬೆರಳಿಗೆ ಗೊತ್ತಿತ್ತಂತೆ! ಕಿವಿ ಇಟ್ಟವಳು ನಾನು. ವರ್ಷಗಟ್ಟಲೆ ಆ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡವರು ಒಂದು ಸಲವೂ ಕಿವಿ ಇಡಲಿಲ್ಲ. ಹೊಟ್ಟೆಕಿಚ್ಚು ನನ್ನ ಕೈಯಲ್ಲಿ ಆ ಒಂದು ಒಳ್ಳೆಯ ಕೆಲಸ ಮಾಡಿಸಿತು. ಅದರ ಪಾಲನ್ನು ಯಾರಿಗೂ ಕೊಡಲು ನಾನು ಈಗಲೂ ತಯಾರಿಲ್ಲ.

ಊರಿನ ಆ ತುದಿಯ ದೊಡ್ಡ ಆಸ್ಪತ್ರೆಗೆ ಹೊರಟೆವು. ಮೆಜೆಸ್ಟಿಕ್ಕಿನಲ್ಲಿ ಬಸ್ಸು ಬದಲಾಯಿಸಿ, ಮೂವರೂ. ಅತ್ತಿಗೆಯನ್ನು ಬೇಡ ಎನ್ನಲು ನನ್ನಿಂದಾಗಲಿಲ್ಲ. ಬೇಡ ಎಂದಿದ್ದರೆ ನಮ್ಮವರೂ ಬರುತ್ತಿರಲಿಲ್ಲ. ಚೀಟಿ ಮಾಡಿಸಿ, ಬೆಂಚಿನ ಮೇಲೆ ಕೂತು, ಸರದಿ ಬಂದಾಗ ಮೂವರೂ ಎದ್ದೆವು. ಬಾಗಿಲಲ್ಲಿದ್ದ ಆಯಾ ಕೈ ಅಡ್ಡ ಹಿಡಿದಳು.

"ಪೇಷಂಟ್ ಜೊತೆ ಒಬ್ರೇ. ಹೆಂಡ್ತಿ ಯಾರು?"

ಅಷ್ಟು ಚಂದದ ಪ್ರಶ್ನೆಯನ್ನು ಅದಕ್ಕೆ ಮುಂಚೆ ಯಾರೂ ನನ್ನನ್ನು ಕೇಳಿರಲಿಲ್ಲ. "ನಾನು" ಎಂದು ಹೇಳಿ, ತಿರುಗಿ ನೋಡದೆ ಒಳಗೆ ಹೋದೆ.

ಡಾಕ್ಟರು ಹೆಂಗಸು, ನನಗಿಂತ ಐದಾರು ವರ್ಷ ದೊಡ್ಡವರಿರಬೇಕು. ಕಣ್ಣಿಗೆ ಬೆಳಕು ಬಿಟ್ಟು ತುಂಬ ಹೊತ್ತು ನೋಡಿದರು. ಆಮೇಲೆ ಸ್ಟೆತಸ್ಕೋಪನ್ನು ಎದೆಗಿಡದೆ ಕಿವಿಯ ಹಿಂದೆ ಇಟ್ಟರು. ಅವರ ಹುಬ್ಬು ಮೇಲೇರಿತು. ಸ್ಟೆತಸ್ಕೋಪ್ ತೆಗೆದು, ಎರಡು ಬೆರಳಲ್ಲಿ ತಡವಿ, ಒತ್ತಿದರು.

"ಈಗ?"

"ನಿಂತ್ತು ಮೇಡಂ" ಎಂದರು ನಮ್ಮವರು.

ಹತ್ತು ನಿಮಿಷದ ಪರಿಚಯ, ಅವರ ಬೆರಳಿಗೂ ಸಿಕ್ಕಿಬಿಟ್ಟಿತು. ಭೂಮಿ ಮೇಲೆ ಆ ಜಾಗ ಸಿಗದ ಹೆಂಗಸು ನಾನೊಬ್ಬಳೇ ಇರಬೇಕು ಎನಿಸಿತು.

"ನೀವೇ ಒತ್ತಿಕೊಂಡ್ರೂ ನಿಲ್ಲುತ್ತಾ? ತೋರ್ಸಿ" ಎಂದರು ಡಾಕ್ಟರು. ನಮ್ಮವರು ಬಲಗೈ ಎತ್ತಿದರು. ಬೆರಳು ತಡವಲಿಲ್ಲ, ಹುಡುಕಲಿಲ್ಲ. ಲೈಟಿನ ಸ್ವಿಚ್ಚಿಗೆ ಕೈ ಹೋಗುವಂತೆ ಸೀದಾ ಹೋಗಿ ಕೂತಿತು. "ಹೂಂ, ನಿಂತ್ತು" ಎಂದರು. ಆಮೇಲೆ ನನ್ನ ಕಡೆ ನೋಡಿ, ನೋಡಬಾರದಿತ್ತು ಎಂಬಂತೆ ನೆಲ ನೋಡಿದರು.

ಮೊದಲು ತಲೆಗೆ ಬಣ್ಣದ ಎಕ್ಸ್-ರೇ ಆಗಬೇಕು, ಆಮೇಲೆ ಮುಂದಿನ ಮಾತು ಎಂದು ಡಾಕ್ಟರು ದಿನ ಕೊಟ್ಟು ಕಳಿಸಿದರು. ವಾಪಸ್ ಬರುವಾಗ ಬಸ್ಸಿನಲ್ಲಿ ಅತ್ತಿಗೆಗೆ ಮುಂದೆ ಹೆಂಗಸರ ಸೀಟು ಸಿಕ್ಕಿತು. ನಾವಿಬ್ಬರೂ ಹಿಂದೆ ನಿಂತಿದ್ದೆವು. ನಾನು ಕಿಟಕಿಯಾಚೆ ನೋಡುತ್ತಲೇ ಕೇಳಿದೆ:

"ನಿಮಗೇ ಗೊತ್ತಿತ್ತು. ನಿಮ್ಮ ಕೈಯಲ್ಲೇ ನಿಲ್ಲುತ್ತಿತ್ತು. ಮತ್ತೆ ದಿನಾ ಯಾಕೆ ಆ ನಾಟಕ?"

ಅವರು ಕಂಬಿಯ ಮೇಲಿನ ಕೈ ಬದಲಾಯಿಸಿದರು.

"ನಾಟಕ ಅಲ್ಲ ಕಣೇ. ನಾನು ಒತ್ತಿಕೊಂಡ್ರೆ ಸದ್ದು ನಿಲ್ಲುತ್ತೆ. ಅಕ್ಕ ಒತ್ತಿದ್ರೆ ನಿದ್ದೆ ಬರುತ್ತೆ."

ಇದಕ್ಕಿಂತ ಅವರು ಎರಡು ಬಾರಿಸಿದ್ದರೂ ನಾನು ತಡೆದುಕೊಳ್ಳುತ್ತಿದ್ದೆ.

ಆ ಪರೀಕ್ಷೆಗೆ ಆಂಜಿಯೋಗ್ರಾಮ್ ಎಂದು ಹೆಸರು. ತೊಡೆಯ ಸಂದಿಯ ರಕ್ತನಾಳದಿಂದ ಸಣ್ಣ ಕೊಳವೆ ಏರಿಸಿ ಕತ್ತಿನವರೆಗೆ ತಂದು, ಬಣ್ಣದ ಔಷಧಿ ಬಿಟ್ಟು, ಪಟಪಟನೆ ಎಕ್ಸ್-ರೇ ಹೊಡೆಯುತ್ತಾರೆ. ಔಷಧಿ ಹೋದಾಗ ಅರ್ಧ ಮುಖಕ್ಕೆ ಬಿಸಿ ಎಣ್ಣೆ ಸುರಿದಂತಾಯಿತು ಎಂದು ನಮ್ಮವರು ಆಮೇಲೆ ಹೇಳಿದರು. ಡಾಕ್ಟರು ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ನನ್ನನ್ನೂ ಅತ್ತಿಗೆಯನ್ನೂ ಕರೆದು ತೋರಿಸಿದರು. ಒಂದು ಕಡೆ ರಕ್ತನಾಳಗಳು ಸಣ್ಣ ಸಣ್ಣ ಕೊಂಬೆಗಳಾಗಿ ಒಪ್ಪವಾಗಿ ಹರಡಿದ್ದವು. ಕಿವಿಯ ಹಿಂದೆ ಮಾತ್ರ ಒಂದು ದಪ್ಪ ನಾಳ ಹಾವಿನಂತೆ ಸುತ್ತಿ ಸುತ್ತಿ ಬಂದು ಗೋಜಲಾಗಿ ನಿಂತಿತ್ತು.

"ಹೃದಯದಿಂದ ಬರೋ ರಕ್ತ ತುಂಬಾ ಜೋರಾಗಿರುತ್ತೆ" ಎಂದರು ಡಾಕ್ಟರು. "ಅದು ಸಣ್ಣ ಸಣ್ಣ ಕವಲುಗಳಲ್ಲಿ ಹರಿದು, ಜೋರು ಕಮ್ಮಿ ಆದ್ಮೇಲೆ ವಾಪಸ್ ಹೋಗೋ ನಾಳಕ್ಕೆ ಸೇರ್ಬೇಕು. ಇವರಿಗೆ ಮಿದುಳಿನ ಹೊದಿಕೆಯಲ್ಲಿ ಮಧ್ಯದ ಕವಲೇ ಇಲ್ದೆ ನೇರ ಸೇರ್ಬಿಟ್ಟಿದೆ. ಆ ನುಗ್ಗಾಟದ್ದೇ ಸದ್ದು."

"ಶಾರ್ಟ್ ಆಗಿದೆ" ಎಂದೆ ನಾನು. ಸುತ್ತುಗಳ ನಡುವಿನ ಹೊದಿಕೆ ಹರಿದ ಕಾಯಿಲಿನಲ್ಲಿ ಕರೆಂಟು ಹೋಗಬೇಕಾದ ದಾರಿ ಬಿಟ್ಟು ಅಡ್ಡದಾರಿ ಹಿಡಿಯುತ್ತದೆ. ಆಮೇಲೆ ಕಾಯಿಲ್ ಸುಡುತ್ತದೆ.

"ಸರಿಯಾಗಿ ಹೇಳಿದ್ರಿ" ಎಂದರು ಡಾಕ್ಟರು. ನಾನು ಅತ್ತಿಗೆಯ ಕಡೆ ನೋಡಿದೆ. ಅವರು ಫಿಲ್ಮಿಗೆ ಕೈ ಮುಗಿಯುವುದರಲ್ಲಿದ್ದರು.

"ಈ ಒತ್ತಡ ಹಿಂದಕ್ಕೆ ತಿರುಗಿ ಮಿದುಳಿನ ನಾಳಗಳಿಗೆ ಹೋಗ್ತಿದೆ. ಅದಕ್ಕೇ ತಲೆನೋವು, ಕಣ್ಣು ಮಂಜು. ಹೀಗೇ ಬಿಟ್ರೆ ಒಂದಿನ ಒಳಗೆ ಒಡೆದು ರಕ್ತ ಚೆಲ್ಲಬಹುದು. ಆಪರೇಷನ್ ಮಾಡಿ, ಅಲ್ಲಿಗೆ ಬರೋ ನಾಳಗಳನ್ನ ಕಟ್ಟಿ, ಆ ಗೋಜಲು ತೆಗೀಬೇಕು. ಅಪಾಯ ಇಲ್ಲ ಅಂತ ನಾನು ಹೇಳಲ್ಲ. ರಕ್ತ ತುಂಬಾ ಹೋಗುತ್ತೆ."

ಅತ್ತಿಗೆ ಒಂದೇ ಮಾತು ಕೇಳಿದರು. "ನಾ ಒತ್ತಿದ್ರಿಂದ ಇಂಗಾಯ್ತಾ ತಾಯಿ?"

"ಇಲ್ಲಮ್ಮ. ಒತ್ತಿದಾಗ ಒಳಗೆ ಹೋಗೋ ರಕ್ತ ಸ್ವಲ್ಪ ಹೊತ್ತು ಕಮ್ಮಿ ಆಗ್ತಿತ್ತು, ಅಷ್ಟೇ. ಕೆಟ್ಟದ್ದೇನೂ ಆಗಿಲ್ಲ."

ಅಷ್ಟು ಸಾಕಿತ್ತು ಅವರಿಗೆ. ನನಗೆ ಅಷ್ಟೂ ಬೇಡವಾಗಿತ್ತು. ಸ್ವಲ್ಪವಾದರೂ ಕೆಟ್ಟದಾಗಿದೆ ಎನ್ನಬಾರದಿತ್ತೇ ಆ ಡಾಕ್ಟರು!

ಆಪರೇಷನ್‌ಗೆ ರಕ್ತ ಹೊಂದಿಸಬೇಕಿತ್ತು. ಪ್ರೆಸ್ ಶಾಪಿನ ಗೆಳೆಯರು ಬಂದು ಸಾಲಾಗಿ ನಿಂತು ಕೊಟ್ಟರು. ನಾನೂ ತೋಳು ಚಾಚಿದೆ. ನನ್ನದು ಇವರಿಗೆ ಆಗುವುದಿಲ್ಲವಂತೆ, ಗುಂಪೇ ಬೇರೆ. ಅತ್ತಿಗೆಯದು ಹೇಳಿ ಮಾಡಿಸಿದಂತೆ ಕೂಡಿತು. "ಒಡಹುಟ್ಟಿದೋರಲ್ವಾ" ಎಂದು ಸೂಜಿ ಚುಚ್ಚುವ ಹುಡುಗಿ ನಕ್ಕಳು. ಮದುವೆಯಲ್ಲಿ ಅಗ್ನಿಸಾಕ್ಷಿಯಾಗಿ ಏನೇನೋ ಕೊಟ್ಟರು, ರಕ್ತ ಮಾತ್ರ ಕೊಡಲಿಲ್ಲ. ಅತ್ತಿಗೆ ಮಂಚದ ಮೇಲೆ ಮಲಗಿ ಮುಷ್ಟಿ ಬಿಗಿಹಿಡಿದು ರಕ್ತ ಕೊಡುವುದನ್ನು ನಾನು ಬಾಗಿಲಲ್ಲಿ ನಿಂತು ನೋಡಿದೆ. ಹಿಂದಿನ ಬೆಳಿಗ್ಗೆಯಿಂದ ಅವರು ಅನ್ನ ಮುಟ್ಟಿರಲಿಲ್ಲ ಎಂದು ನನಗೆ ಗೊತ್ತಿತ್ತು. ಕೆಳಗೆ ಹೋಗಿ ಬನ್ನು ಕಾಫಿ ತಂದುಕೊಟ್ಟೆ. ಕೊಟ್ಟದ್ದೇನೋ ಕೊಟ್ಟೆ, ಕೊಟ್ಟು ಮತ್ತೆ ಬಾಗಿಲಿಗೇ ಹೋಗಿ ನಿಂತೆ.

ಆಪರೇಷನ್ನಿನ ಹಿಂದಿನ ದಿನ ಕ್ಷೌರಿಕ ಬಂದು ನಮ್ಮವರ ತಲೆ ಬೋಳಿಸಿದ. ಎಣ್ಣೆ ಕುಡಿದು ಬೆಳೆದಿದ್ದ ಕೂದಲು ಕಾಗದದ ಮೇಲೆ ಗುಡ್ಡೆ ಬಿತ್ತು. ಬೋಳು ತಲೆಯಲ್ಲಿ, ಕಿವಿಯ ಹಿಂದೆ, ಚರ್ಮದಡಿಯಲ್ಲಿ ಹೊಡೆದುಕೊಳ್ಳುವ ಆ ನಾಳ ಕಣ್ಣಿಗೇ ಕಾಣುತ್ತಿತ್ತು. ಅಷ್ಟು ವರ್ಷ ನಾನು ಹುಡುಕಿದ ಜಾಗ. ಇನ್ನು ಬೆಳಗಾದರೆ ಅದು ಇರುವುದಿಲ್ಲ.

ಬೆಳಿಗ್ಗೆ ಒಳಗೆ ಕರೆದೊಯ್ದವರನ್ನು ಸಂಜೆ ಬಿಸಿಲು ಇಳಿದ ಮೇಲೆ ಹೊರಗೆ ತಂದರು. ಆ ಇಡೀ ದಿನ ನಾನೂ ಅತ್ತಿಗೆಯೂ ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂತಿದ್ದೆವು. ಮಧ್ಯೆ ನಮ್ಮವರ ಚಪ್ಪಲಿ ಇತ್ತು. "ಬದುಕಿ ಬರಲಿ, ಬೇಕಾದರೆ ಇವರ ತೊಡೆಯ ಮೇಲೇ ಮಲಗಿಕೊಂಡಿರಲಿ" ಎಂದು ಒಂದು ಹೊತ್ತಿನಲ್ಲಿ ಬೇಡಿಕೊಂಡದ್ದು ನಿಜ. ಹೆದರಿಕೆಯಲ್ಲಿ ಮನುಷ್ಯರು ಏನೇನೋ ಒಪ್ಪಿಕೊಂಡುಬಿಡುತ್ತಾರೆ.

ಅವರಿಗೆ ಎಚ್ಚರವಾದದ್ದು ಮಾರನೆಯ ದಿನ. ತಲೆಗೆ ದೊಡ್ಡ ಪಟ್ಟಿ. ಅತ್ತಿಗೆ ನೀರು ತರಲು ಹೋಗಿದ್ದರು. ಕೈ ಹಿಡಿದು ಕೂತಿದ್ದವಳು ನಾನು. ಅವರ ತುಟಿ ಅಲುಗಿತು, ಬಗ್ಗಿದೆ.

"ಅಕ್ಕಾ... ಸದ್ದಿಲ್ಲ."

ನಾನು ಅವರ ಕೈ ಬಿಡಲಿಲ್ಲ. ತಿದ್ದಲೂ ಇಲ್ಲ. ಅತ್ತಿಗೆ ಬಂದಾಗ, "ಸದ್ದಿಲ್ಲ ಅಂದರು" ಎಂದಷ್ಟೇ ಹೇಳಿದೆ. ಮೊದಲ ಮಾತು ಯಾವುದು ಎಂದು ಹೇಳುವ ಅಗತ್ಯ ಅವತ್ತು ಕಾಣಲಿಲ್ಲ, ಇವತ್ತೂ ಕಾಣುವುದಿಲ್ಲ.

ಮನೆಗೆ ಬಂದ ಮೇಲಿನ ತಿಂಗಳುಗಳು ನನ್ನ ಆಳ್ವಿಕೆಯ ಕಾಲ. ಗಾಯ ಒಣಗುವವರೆಗೆ ಯಾರೂ ತಲೆ ಮುಟ್ಟುವಂತಿಲ್ಲ ಎಂದು ಡಾಕ್ಟರು ಹೇಳಿದ್ದರು. ಆ ಮಾತನ್ನು ಅತ್ತಿಗೆಗೆ ದಿನಕ್ಕೆರಡು ಸಲ ನೆನಪಿಸಿದೆ. ಮತ್ತೊಮ್ಮೆ ಬಣ್ಣದ ಎಕ್ಸ್-ರೇ ಮಾಡಿ ಗೋಜಲು ಪೂರ್ತಿ ಹೋಗಿದೆ ಎಂದರು. ತಲೆನೋವು ಹೋಯಿತು, ಕಣ್ಣು ತಿಳಿಯಾಯಿತು, ಕಾರ್ಖಾನೆಯವರು ಪ್ರೆಸ್ ಬಿಡಿಸಿ ಸ್ಟೋರಿಗೆ ಹಾಕಿದರು. ಕೂದಲು ಬೆಳೆದ ಮೇಲೆ ಭಾನುವಾರದ ಎಣ್ಣೆಯನ್ನು ನಾನೇ ಹಚ್ಚಿದೆ. ಕಿವಿಯ ಹಿಂದೆ ಕುಡುಗೋಲಿನಂತೆ ಬಾಗಿದ ಗಾಯದ ಗುರುತಿತ್ತು. ಅತ್ತಿಗೆ ತಮ್ಮ ಮಣೆಯ ಮುಂದೆ ಕೂತು ಕಡ್ಡಿ ಹೊಸೆಯುತ್ತಿದ್ದರು. ಮೊದಲೇ ಮಾತು ಕಮ್ಮಿ, ಈಗ ಇನ್ನೂ ಕಮ್ಮಿ. ಊರಿಗೆ ಹೋಗಿ ಇರುತ್ತೇನೆ ಎಂದು ಒಂದೆರಡು ಸಲ ಹೇಳಿದರು. ನಾನು ಹೋಗಿ ಎನ್ನಲಿಲ್ಲ. ಬೇಡಿ ಎಂದೂ ಅನ್ನಲಿಲ್ಲ. ಒಂದು ಮಾತು ಮಾತ್ರ ನನ್ನನ್ನು ಕೊರೆಯುತ್ತಿತ್ತು: ನನ್ನ ಕೈಯಲ್ಲಿ ನಮ್ಮವರು ಬೆನ್ನು ನೆಟ್ಟಗೆ ಮಾಡಿಕೊಂಡು, ಎಚ್ಚರವಾಗಿ, ಫೋಟೋ ತೆಗೆಸಿಕೊಳ್ಳುವವರಂತೆ ಕೂತಿರುತ್ತಿದ್ದರು.

ಒಂದು ಸಂಜೆ ಕೆಲಸದಿಂದ ಬೇಗ ಬಂದೆ. ಬಾಗಿಲು ಓರೆಯಾಗಿತ್ತು. ನಮ್ಮವರ ತಲೆ ಅಕ್ಕನ ತೊಡೆಯ ಮೇಲಿತ್ತು. ಹೆಬ್ಬೆರಳು ಕಿವಿಯ ಹಿಂದಿತ್ತು.

"ಇನ್ನೂ ಐತಾ ಮಗಾ?"

"ಸ್ವಲ್ಪ ಐತೆ ಅಕ್ಕ... ಹಾಂ. ಈಗ ನಿಂತ್ತು."

ಮತ್ತೆ ಬಂದಿದೆ! ಮತ್ತೆ ಬಂದದ್ದೂ ಮೊದಲು ಅವರಿಗೇ ಗೊತ್ತಾಗಿದೆ! ಮಾರನೆಯ ಬೆಳಿಗ್ಗೆಯೇ ಅವರನ್ನು ಎಳೆದುಕೊಂಡು ಆಸ್ಪತ್ರೆಗೆ ಹೋದೆ. ಏನೂ ಇಲ್ಲ, ಏನೂ ಇಲ್ಲ ಎನ್ನುತ್ತಲೇ ಬಂದರು. ಅತ್ತಿಗೆಯನ್ನು ಮನೆಯಲ್ಲೇ ಬಿಟ್ಟೆವು. ಅದೇ ಡಾಕ್ಟರು ಕಣ್ಣು ನೋಡಿ, ಸ್ಟೆತಸ್ಕೋಪ್ ಇಟ್ಟು ತುಂಬಾ ಹೊತ್ತು ಕೇಳಿದರು.

"ನನಗೇನೂ ಕೇಳಿಸ್ತಿಲ್ಲ. ಆದ್ರೆ ಇವರಿಗೆ ಸದ್ದು ಬರ್ತಿದೆ ಅಂದ್ರೆ ಸುಮ್ನೆ ಬಿಡೋಕಾಗಲ್ಲ. ಇವತ್ತೇ ಸೇರ್ಕೊಳ್ಳಿ, ಇನ್ನೊಂದ್ಸಲ ಆಂಜಿಯೋಗ್ರಾಮ್ ಮಾಡೋಣ."

ಆ ಹೆಸರು ಕೇಳಿ ನಮ್ಮವರ ಮುಖ ಬಿಳಿಚಿತು.

"ಬೇಡ ಮೇಡಂ. ಸದ್ದಿಲ್ಲ."

"ಈಗಿಲ್ವಾ?"

"ಆಪರೇಷನ್ ಆದಾಗಿಂದಲೂ ಇಲ್ಲ ಮೇಡಂ. ಮನೇಲಿ ಸುಮ್ನೆ... ಹಂಗೆ ಹೇಳ್ದೆ."

ಡಾಕ್ಟರು ಅವರನ್ನು ನೋಡಿದರು, ನನ್ನನ್ನು ನೋಡಿದರು. ಸ್ಟೆತಸ್ಕೋಪ್ ಮಡಿಸಿಟ್ಟು, "ಇಂಥದಕ್ಕೆಲ್ಲ ನನ್ನ ಹತ್ರ ಔಷಧಿ ಇಲ್ಲಮ್ಮ" ಎಂದರು.

ಬಸ್ಸಿನಲ್ಲಿ ನಾನು ಕಿಟಕಿಯ ಕಡೆ ತಿರುಗಿ ಕೂತೆ. ಅವರೇ ಮಾತು ತೆಗೆದರು. "ಅಕ್ಕ ಊರಿಗೋಗ್ತೀನಿ ಅಂತಿದ್ಲು ಕಣೇ. ಏನ್ ಹೇಳಿ ನಿಲ್ಸಲಿ?" ನನಗೆ ಎಷ್ಟು ಸಿಟ್ಟಿತ್ತೆಂದರೆ ಮೆಜೆಸ್ಟಿಕ್ಕಿನಲ್ಲಿ ಅವರನ್ನು ಬಿಟ್ಟು ಬೇರೆ ಬಸ್ಸು ಹತ್ತಿಬಿಡೋಣ ಎನಿಸಿತು. ಅಕ್ಕನಿಗಾಗಿ ಮನುಷ್ಯ ತಲೆಯಲ್ಲಿ ಇಲ್ಲದ ರೋಗ ಇಟ್ಟುಕೊಳ್ಳುತ್ತಾನೆ. ನನಗಾಗಿ ಒಂದು ನೆಗಡಿಯನ್ನಾದರೂ ಇಟ್ಟುಕೊಂಡಿದ್ದಾರೆಯೇ?

ದಾರಿಯುದ್ದಕ್ಕೂ ಲೆಕ್ಕ ಹಾಕಿದೆ. ಮನೆಗೆ ಹೋಗಿ ನಿಜ ಹೇಳಿದರೆ ಮುಗಿಯಿತು. ಅತ್ತಿಗೆ ಅವತ್ತೇ ಗಂಟು ಕಟ್ಟುತ್ತಾರೆ. ತಲೆ ನನ್ನದಾಗುತ್ತದೆ. ಆದರೆ ಎಂಥ ತಲೆ? ಅಕ್ಕನನ್ನು ಓಡಿಸಿದವಳು ಎಂದು ಜೀವನಪೂರ್ತಿ ಬೆನ್ನು ನೆಟ್ಟಗೆ ಮಾಡಿಕೊಂಡು ಕೂರುವ ತಲೆ.

ಅತ್ತಿಗೆ ಬಾಗಿಲಲ್ಲೇ ನಿಂತಿದ್ದರು. ಕೈಯೆಲ್ಲ ಕಪ್ಪು, ಒರೆಸಿಕೊಂಡೂ ಇರಲಿಲ್ಲ.

"ಏನಂದ್ರವ್ವ ಡಾಕ್ಟರು?"

ನಮ್ಮವರು ನನ್ನ ಹಿಂದೆ ಉಸಿರು ಬಿಗಿಹಿಡಿದದ್ದು ನನಗೆ ಕೇಳಿಸಿತು.

"ಸ್ವಲ್ಪ ಸದ್ದು ಉಳಿದಿದೆಯಂತೆ, ಭಯವಿಲ್ಲವಂತೆ" ಎಂದೆ. "ದಿನಾ ಒತ್ತಬೇಕಂತೆ. ಭಾನುವಾರ ನೀವು ಒತ್ತಿ. ಮಿಕ್ಕ ಆರು ದಿನ ಹೆಂಡತಿಯೇ ಒತ್ತಬೇಕು ಅಂದಿದ್ದಾರೆ."

ಅತ್ತಿಗೆ ನನ್ನನ್ನು ಒಂದು ಗಳಿಗೆ ನೋಡಿದರು. ನಂಬಿದರೋ ಬಿಟ್ಟರೋ ನನಗೆ ಗೊತ್ತಿಲ್ಲ. ಒಳಗೆ ಹೋಗಿ ಕೈ ತೊಳೆದುಕೊಂಡು ಬಂದರು. ತಮ್ಮನನ್ನು ನನ್ನ ಮುಂದೆ ಮಲಗಿಸಿದರು. ನನ್ನ ಹೆಬ್ಬೆರಳನ್ನು ಹಿಡಿದು, ಗಾಯದ ಗುರುತಿನ ಅಂಚಿಗೆ, ಎಲುಬು ಮುಗಿದು ಸಣ್ಣ ತಗ್ಗಾಗುವ ಕಡೆ ಇಟ್ಟರು.

"ಇಲ್ಲಿ. ಅಷ್ಟು ಜೋರು ಬ್ಯಾಡ. ಆಂ, ಅಂಗೆ."

ಅಲ್ಲೀಗ ಏನೂ ಹೊಡೆದುಕೊಳ್ಳುತ್ತಿರಲಿಲ್ಲ. ಬರೀ ತಗ್ಗು. ಅತ್ತಿಗೆ ಮಣೆಯ ಮುಂದೆ ಹೋಗಿ ಕೂತು ಕಡ್ಡಿ ಎತ್ತಿಕೊಂಡರು. ನಾನು ಒತ್ತಿಕೊಂಡೇ ಇದ್ದೆ. ನಮ್ಮವರು ಕಣ್ಣು ಬಿಟ್ಟುಕೊಂಡು ಶೀಟಿನ ಮಾಡು ನೋಡುತ್ತಿದ್ದರು. ಪಕ್ಕದ ಶೆಡ್ಡಿನ ಪ್ರೆಸ್ಸು ದಡ್ ದಡ್ ಎನ್ನುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಅತ್ತಿಗೆ ಬೆನ್ನು ತಿರುಗಿಸದೆಯೇ ಕೇಳಿದರು.

"ನಿದ್ದೆ ಬಂತಾ ಅವಂಗೆ?"

"ಹೂಂ, ಬಂತು" ಎಂದೆ.

ನಮ್ಮವರು ನನ್ನ ಮುಖ ನೋಡಿದರು. ಆಮೇಲೆ ಮೆಲ್ಲಗೆ ಕಣ್ಣು ಮುಚ್ಚಿ ಗೊರಕೆ ಹೊಡೆಯತೊಡಗಿದರು. ಅವರ ನಿಜವಾದ ಗೊರಕೆ ನನಗೆ ಗೊತ್ತು. ಇದು ಅದಲ್ಲ. ಅತ್ತಿಗೆ ಎದ್ದು ಒಲೆ ಹಚ್ಚಲು ಹೋಗುವವರೆಗೂ ಅವರು ನಿಲ್ಲಿಸಲಿಲ್ಲ, ನಾನು ಬೆರಳು ತೆಗೆಯಲಿಲ್ಲ.